ಸೈಕಲ್ ಮೇಲೆ ಶಾಲೆಗೆ ಹೋಗುವ ಮಕ್ಕಳಿಗೂ ಹೆಲ್ಮೆಟ್ ಕೊಡಿಸಿ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಜಿಲ್ಲೆಯ ಎಲ್ಲ ಹೈಸ್ಕೂಲು ಮೇಷ್ಟ್ರು, ಟೀಚರ್‌ಗಳಿಗೆ, ಮಕ್ಕಳನ್ನು ಸೈಕಲ್ ಮೇಲೆ ಕಳಿಸುವ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ನಾನು ಕೊಪ್ಪಳದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿರುವವನು. ಹೊಸ ಸೈಕಲ್ಲೂ ಮಾರುತ್ತೇನೆ, ಆದರೆ ಮನೆ ನಡೆಯುವುದು ರಿಪೇರಿಯಿಂದಲೇ. ನಾನು ಕೇಳುವುದು ಒಂದೇ. ಜಿಲ್ಲೆಯಲ್ಲಿ ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗುವ ಪ್ರತಿ ಮಗುವಿಗೂ ಒಂದು ಸೈಕಲ್ ಹೆಲ್ಮೆಟ್ ಕೊಡಿಸಿ. ಕೊಡಿಸಿ ಅಂತ ಕೇಳುತ್ತಿದ್ದೇನೆ, ಕಡ್ಡಾಯ ಮಾಡಿ ದಂಡ ಹಾಕಿ ಅಂತ ಅಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತೆ. ದಯವಿಟ್ಟು ಪೂರ್ತಿ ಓದಿ.

ಅಪಘಾತ ಅಂದ ಕೂಡಲೇ ಎಲ್ಲರಿಗೂ ಮೊದಲು ನೆನಪಾಗುವುದು ಲಾರಿ. ಗಿಣಿಗೇರಾ ಕಡೆ ಓಡಾಡುವವರಿಗೆ ಇದು ಚೆನ್ನಾಗಿ ಗೊತ್ತು, ಕಾರ್ಖಾನೆ ಲಾರಿ ಪಕ್ಕದಲ್ಲಿ ಹಾದುಹೋದರೆ ಆ ಗಾಳಿಗೇ ಸೈಕಲ್ ಅಲ್ಲಾಡುತ್ತೆ. ಲಾರಿ ಚಕ್ರದ ಕೆಳಗೆ ಸಿಕ್ಕರೆ ಯಾವ ಹೆಲ್ಮೆಟ್ಟೂ ಉಳಿಸಲ್ಲ, ಅದನ್ನ ಮೊದಲೇ ಹೇಳಿಬಿಡುತ್ತೇನೆ. ಆದರೆ ನನ್ನ ಹತ್ತಿರ ರಿಪೇರಿಗೆ ಬರುವ ಸೈಕಲ್‌ಗಳಲ್ಲಿ ಹೆಚ್ಚಿನವಕ್ಕೆ ಯಾವ ಗಾಡಿಯೂ ಗುದ್ದಿರಲ್ಲ. ಹುಡುಗರು ತಾವೇ ಬಿದ್ದಿರುತ್ತಾರೆ. ತಗ್ಗು ತಪ್ಪಿಸಲು ಹೋಗಿ, ನಾಯಿ ಅಡ್ಡ ಬಂದು, ಬಣ್ಣ ಹೊಡೆಯದ ಹಂಪ್ಸ್ ಕಾಣದೆ, ಹಿಂದೆ ಹಾರ್ನ್ ಹೊಡೆದರು ಅಂತ ಗಾಬರಿಯಿಂದ ಡಾಂಬರು ಬಿಟ್ಟು ಕೆಳಗಿನ ಮಣ್ಣಿಗೆ ಇಳಿಸಿ. ಸುಗ್ಗಿ ಬಂದರೆ ಇನ್ನೊಂದು ಕಾಟ. ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆ ರಸ್ತೆ ಮೇಲೇ ಒಕ್ಕಣೆ. ಕಾಳಿನ ಮೇಲೆ ಸೈಕಲ್ ಟೈರು ಹಿಡಿತ ಸಿಗದೆ ಜಾರುತ್ತೆ, ಅದರಲ್ಲೂ ಸವೆದ ಟೈರಾದರೆ ಮುಗಿದೇಹೋಯಿತು. ರೈತರನ್ನ ಬೈಯುತ್ತಿಲ್ಲ, ಕಣ ಇಲ್ಲದಿದ್ದರೆ ಅವರು ಇನ್ನೆಲ್ಲಿ ರಾಶಿ ಮಾಡಬೇಕು?

ಒಂದು ಥರದ ಬೀಳುವಿಕೆ ಅಂತೂ ಸೈಕಲ್ ನೋಡಿದ ತಕ್ಷಣ ನನಗೆ ತಿಳಿಯುತ್ತೆ. ಮುಂದಿನ ಚಕ್ರದ ಕಡ್ಡಿಗಳು ಒಂದೇ ಜಾಗದಲ್ಲಿ ನಾಲ್ಕೈದು ಕಿತ್ತು ಬಂದಿರುತ್ತವೆ. ಮಡ್‌ಗಾರ್ಡ್ ಮುದುಡಿರುತ್ತೆ. ಹಿಂದಿನ ಚಕ್ರಕ್ಕೆ ಒಂದು ಗೀರೂ ಇರಲ್ಲ. ಅಂದರೆ ಹ್ಯಾಂಡಲ್‌ಗೆ ತೂಗುಹಾಕಿದ ಬ್ಯಾಗೋ ಊಟದ ಡಬ್ಬಿ ಚೀಲವೋ ಓಲಾಡುತ್ತ ಮುಂದಿನ ಚಕ್ರದೊಳಗೆ ಹೋಗಿದೆ. ಚಕ್ರ ಗಕ್ಕನೆ ನಿಂತಿದೆ. ಸೈಕಲ್ ನಿಂತರೂ ಮೇಲೆ ಕೂತವನು ನಿಲ್ಲಲ್ಲ, ಹ್ಯಾಂಡಲ್ ದಾಟಿ ಮುಂದೆ ಹಾರುತ್ತಾನೆ. ಕೈ ಇನ್ನೂ ಹ್ಯಾಂಡಲ್ ಹಿಡಿದುಕೊಂಡೇ ಇರುತ್ತೆ, ಬಿಟ್ಟು ನೆಲಕ್ಕೆ ಊರೋಕೆ ಟೈಮೇ ಸಿಗಲ್ಲ. ಹಾಗಾಗಿ ಮೊದಲು ನೆಲಕ್ಕೆ ಬಡಿಯುವುದು ಹಣೆ.

ಹಿಂದಿನ ಬ್ರೇಕ್ ಕೆಟ್ಟಿದ್ದರೂ ಹೀಗೇ ಆಗುತ್ತೆ. ಹಿಂದಿನ ಬ್ರೇಕ್ ರಬ್ಬರ್ ಪೂರ್ತಿ ಸವೆದಿರುತ್ತೆ, ಮುಂದಿನದು ಮಾತ್ರ ಹಿಡಿಯುತ್ತೆ. ಇಳಿಜಾರಿನಲ್ಲಿ ಗಾಬರಿಯಾಗಿ ಎರಡೂ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಒಂದೇ ನಿಲ್ಲುತ್ತೆ. ಹುಡುಗಿಯರದು ಬೇರೆ ಥರ. ವೇಲ್ ಚೈನಿಗೋ ಹಿಂದಿನ ಚಕ್ರಕ್ಕೋ ಸಿಕ್ಕಿ ಹಿಂದಕ್ಕೆ ಎಳೆಯುತ್ತೆ. ಅವರಿಗೆ ತಲೆಯ ಹಿಂಭಾಗಕ್ಕೆ ಪೆಟ್ಟು. ಚೈನ್ ಕವರ್ ಕಳಚಿ ಬಿದ್ದುಹೋದ ಸೈಕಲ್ ಅನ್ನು ಹಾಗೇ ಓಡಿಸಬೇಡಿ ಅಂತ ಎಷ್ಟು ಹೇಳಿದರೂ ಮನೆಯವರು ಕೇಳಲ್ಲ, ಓಡುತ್ತಲ್ಲ ಸಾಕು ಅಂತಾರೆ.

ಹೋದ ಮಳೆಗಾಲದಲ್ಲಿ ಒಬ್ಬರು ಟಂಟಂನಲ್ಲಿ ಸೈಕಲ್ ಹಾಕಿಕೊಂಡು ಬಂದರು. ಹತ್ತಿರದ ಹಳ್ಳಿಯವರು.

"ಅಣ್ಣಾರ, ಇದು ಸುದ್ದ ಆಗ್ತೈತೇನ್ರಿ?"

"ಆಗ್ತೈತ್ರಿ. ರಿಮ್ ಒಂದು ಹೊಸದು ಹಾಕಬೇಕು, ಫೋರ್ಕ್ ಬೆಂಡು ತೆಗಿತೀನಿ. ಹುಡುಗ ಹೆಂಗದಾನ?"

"ತೆಲಿಗೆ ಪೆಟ್ಟಾಗೈತ್ರಿ. ಹುಬ್ಳ್ಯಾಗ ಅದಾನ."

ಆಮೇಲೆ ನಿಧಾನಕ್ಕೆ ಹೇಳಿದರು. ಹುಡುಗ 9ನೇ ತರಗತಿ. ಬಿದ್ದದ್ದು ದೊಡ್ಡ ರಸ್ತೆಯಲ್ಲಲ್ಲ, ಊರ ಮುಂದಿನ ದಾರಿಯಲ್ಲಿ, ಶಾಲೆಯಿಂದ ವಾಪಸ್ ಬರುವಾಗ. ಎದ್ದು ಸೈಕಲ್ ತಳ್ಳಿಕೊಂಡು ತಾನೇ ಮನೆಗೆ ಬಂದಿದ್ದ. ಅಂಗೈ ಚೂರು ತರಚಿತ್ತು, ಕಿವಿ ಮೇಲೆ ಒಂದು ಬುಗುಟು. ಅವ್ವ ಅರಿಶಿಣ ಹಚ್ಚಿದಳು. ಊಟ ಮಾಡಿ ಮಲಗಿದ. ನಡುರಾತ್ರಿ ವಾಂತಿ ಶುರುವಾಯಿತು, ಎಬ್ಬಿಸಿದರೆ ಸರಿಯಾಗಿ ಮಾತಾಡಲಿಲ್ಲ. ಅಲ್ಲಿಂದ ಓಡಾಟ. ಕೊಪ್ಪಳಕ್ಕೆ ಬಂದರು, ಅಲ್ಲಿಂದ ನೂರು ಕಿಲೋಮೀಟರಿಗಿಂತ ದೂರದ ಹುಬ್ಬಳ್ಳಿಗೆ ಹೋದರು, ತಲೆ ಆಪರೇಷನ್ ಆಯಿತು. ಸೈಕಲ್ ಅವತ್ತು ಸಂಜೆಗೇ ರೆಡಿ ಆಗಿತ್ತು. ಹುಡುಗ ಮತ್ತೆ ಶಾಲೆಗೆ ಹೋಗೋಕೆ ಎಷ್ಟೋ ತಿಂಗಳಾಯಿತು. ಈಗಲೂ ಓದಿದ್ದು ತಲೆಯಲ್ಲಿ ನಿಲ್ಲಲ್ಲ, ಬಿಸಿಲಿಗೆ ಹೋದರೆ ತಲೆನೋವು ಅಂತಾನೆ, ಸಣ್ಣದಕ್ಕೂ ಸಿಟ್ಟು ಬರುತ್ತೆ ಅಂತ ಅಪ್ಪ ಹೇಳುತ್ತಾರೆ. ಇದಕ್ಕೆ ಯಾವ ಲಾರಿ ಡ್ರೈವರನ್ನೂ ಬೈಯೋ ಹಾಗಿಲ್ಲ.

ತಾನಾಗೇ ಬಿದ್ದದ್ದಕ್ಕೆ ಇಷ್ಟು ದೊಡ್ಡ ಪೆಟ್ಟು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಹೈಸ್ಕೂಲು ವಿಜ್ಞಾನದ ಲೆಕ್ಕ ಇದು. ಸೈಕಲ್ ಮೇಲೆ ಕೂತಾಗ ತಲೆ ನೆಲದಿಂದ ಹೆಚ್ಚುಕಡಿಮೆ ಒಂದೂವರೆ ಮೀಟರ್ ಎತ್ತರದಲ್ಲಿರುತ್ತೆ. ಅಷ್ಟು ಎತ್ತರದಿಂದ ಏನೇ ಬಿದ್ದರೂ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಸೈಕಲ್ ಜೋರಾಗಿ ಹೋಗುತ್ತಿರಬೇಕು ಅಂತೇನಿಲ್ಲ, ನಿಂತ ಸೈಕಲ್‌ನಿಂದ ವಾಲಿ ಬಿದ್ದರೂ ತಲೆ ಆ ವೇಗದಲ್ಲೇ ಸಿಮೆಂಟಿಗೆ ಬಡಿಯಬಹುದು. ಕೈ ಊರಿದರೆ, ಭುಜ ಮೊದಲು ತಾಗಿದರೆ ಪೆಟ್ಟು ಹಂಚಿಹೋಗುತ್ತೆ. ತಲೆಯೇ ಮೊದಲು ತಾಗಿದರೆ ಪೂರ್ತಿ ಪೆಟ್ಟು ಅಲ್ಲೇ. ತಲೆಬುರುಡೆ ಥಟ್ಟಂತ ನಿಂತುಬಿಡುತ್ತೆ, ಒಳಗಿನ ಮಿದುಳು ನಿಲ್ಲಲ್ಲ, ಅದು ಹೋಗಿ ಒಳಗೋಡೆಗೆ ಬಡಿಯುತ್ತೆ. ರಕ್ತನಾಳ ಹರಿದರೆ ಬುರುಡೆಯೊಳಗೆ ರಕ್ತ ಕೂಡಿಕೊಂಡು ಮಿದುಳನ್ನ ಒತ್ತುತ್ತೆ. ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಇದು ಆಗಬಹುದು.

ಸೈಕಲ್ ಹೆಲ್ಮೆಟ್ ಮಾಡೋದು ಇಷ್ಟೇ. ಹೊಸ ಟಿವಿ ಬಾಕ್ಸಿನಲ್ಲಿ ಬರುತ್ತಲ್ಲ ಥರ್ಮೋಕೋಲ್, ಅದೇ ಜಾತಿಯ ಗಟ್ಟಿ ಫೋಮ್ ಒಳಗಿರುತ್ತೆ. ತಲೆ ಬಡಿದಾಗ ಫೋಮ್ ಜಜ್ಜಿಹೋಗುತ್ತೆ. ಅದು ಜಜ್ಜಿಹೋಗುವಷ್ಟು ಹೊತ್ತು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ತಲೆಗೆ ನಿಧಾನಕ್ಕೆ ನಿಲ್ಲೋಕೆ ಅವಕಾಶ ಸಿಗುತ್ತೆ. ಯುರೋಪಿನ ಇಎನ್ 1078 ಅನ್ನುವ ಸ್ಟ್ಯಾಂಡರ್ಡ್‌ನಲ್ಲಿ ಸೈಕಲ್ ಹೆಲ್ಮೆಟ್ ಪರೀಕ್ಷೆ ಮಾಡುವುದೂ ಸರಿಯಾಗಿ ಈ ಒಂದೂವರೆ ಮೀಟರ್ ಬೀಳುವಿಕೆಯ ವೇಗಕ್ಕೇ. ಅಂದರೆ ಈ ವಸ್ತು ತಯಾರಾಗಿರುವುದೇ ನಮ್ಮ ಮಕ್ಕಳು ಬೀಳುವ ಥರದ ಬೀಳುವಿಕೆಗೆ. ಒಂದು ಸಲ ಜೋರಾಗಿ ಬಡಿದ ಹೆಲ್ಮೆಟ್ ಮತ್ತೆ ಹಾಕಬಾರದು, ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಕೆಲಸ ಮುಗಿಸಿರುತ್ತೆ.

ಇದು ಬರೀ ಅಂಗಡಿಯವನ ಮಾತು ಅಂದುಕೊಳ್ಳಬೇಡಿ. ಜಗತ್ತಿನ ಬೇರೆ ಬೇರೆ ದೇಶಗಳ 40 ಅಧ್ಯಯನಗಳನ್ನ, ಒಟ್ಟು 64 ಸಾವಿರಕ್ಕೂ ಮೇಲೆ ಗಾಯಗೊಂಡ ಸೈಕಲ್ ಸವಾರರ ಮಾಹಿತಿಯನ್ನ, ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದರು. 2017ರಲ್ಲಿ ಪ್ರಕಟವಾಯಿತು. ಬಿದ್ದವರಲ್ಲಿ ಹೆಲ್ಮೆಟ್ ಹಾಕಿದವರಿಗೆ ತಲೆಗೆ ಗಂಭೀರ ಪೆಟ್ಟಾಗುವ ಸಾಧ್ಯತೆ ಹಾಕದವರಿಗಿಂತ 69 ಶೇಕಡಾ ಕಡಿಮೆ, ತಲೆ ಪೆಟ್ಟಿನಿಂದ ಸಾಯುವ ಸಾಧ್ಯತೆ 65 ಶೇಕಡಾ ಕಡಿಮೆ ಅಂತ ಅವರ ಲೆಕ್ಕ. ನೂರಕ್ಕೆ ನೂರು ಅಲ್ಲ, ಯಾರೂ ಹಾಗೆ ಹೇಳಲ್ಲ. ಆದರೆ ಮುನ್ನೂರು ಗ್ರಾಂ ಆಸುಪಾಸು ತೂಕದ ಒಂದು ವಸ್ತು ಇಷ್ಟು ಮಾಡುತ್ತೆ ಅಂದರೆ ನಾವು ಕೊಡದೇ ಇರೋದಕ್ಕೆ ಕಾರಣ ಏನು?

ದೊಡ್ಡ ರೇಸ್ ಸವಾರರೂ ಮೊದಲು ಹೆಲ್ಮೆಟ್ ಬೇಡ ಅಂತಲೇ ಹಟ ಹಿಡಿದಿದ್ದರು. 2003ರಲ್ಲಿ ಫ್ರಾನ್ಸಿನ ಒಂದು ರೇಸಿನಲ್ಲಿ ಕಜಕಸ್ತಾನದ ಆಂದ್ರೇ ಕಿವಿಲೆವ್ ಜೊತೆಗಾರರ ಸೈಕಲ್ಲಿಗೆ ತಾಗಿ ಬಿದ್ದರು, ತಲೆಗೆ ಪೆಟ್ಟಾಗಿ ತೀರಿಕೊಂಡರು. ಅಲ್ಲೂ ಯಾವ ಮೋಟಾರು ಗಾಡಿ ಗುದ್ದಿರಲಿಲ್ಲ. ಅದೇ ವರ್ಷ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ರೇಸಿನಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿತು. ಹುಟ್ಟಿದಾಗಿನಿಂದ ಸೈಕಲ್ ಮೇಲೇ ಬೆಳೆದಂಥವರೇ ಬೀಳುತ್ತಾರೆ ಅಂದಮೇಲೆ, ನನ್ನ ಮಗನಿಗೆ ಸೈಕಲ್ ಚೆನ್ನಾಗಿ ಬರುತ್ತೆ, ಅವನಿಗ್ಯಾಕೆ ಹೆಲ್ಮೆಟ್ ಅನ್ನೋ ಮಾತಿಗೆ ಅರ್ಥ ಇಲ್ಲ.

ಈಗ ಜಿಲ್ಲಾಧಿಕಾರಿಗಳಿಗೆ ನೇರವಾಗಿ ಒಂದು ಮಾತು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ನೀವೇ ಅಧ್ಯಕ್ಷರು. ಆ ಸಭೆಯಲ್ಲಿ ನಿಮ್ಮ ಮುಂದೆ ಬರುವುದು ಪೊಲೀಸರ ಹತ್ತಿರ ದಾಖಲಾದ ಅಪಘಾತಗಳ ಲೆಕ್ಕ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯ ವರದಿ ಕೊಟ್ಟಿತಲ್ಲ, ಅದೂ ಪೊಲೀಸ್ ದಾಖಲೆಯಿಂದಲೇ ಬಂದದ್ದು. ಹುಡುಗ ಊರ ದಾರಿಯಲ್ಲಿ ತಾನೇ ಬಿದ್ದರೆ ಯಾರು ಠಾಣೆಗೆ ಹೋಗುತ್ತಾರೆ? ಯಾರ ಮೇಲೆ ಕಂಪ್ಲೇಂಟ್ ಕೊಡುತ್ತಾರೆ? ಎಫ್‌ಐಆರ್ ಇಲ್ಲ ಅಂದರೆ ಲೆಕ್ಕದಲ್ಲಿ ಇಲ್ಲ. ಲೆಕ್ಕದಲ್ಲಿ ಇಲ್ಲ ಅಂದರೆ ಸಭೆಯಲ್ಲಿ ಚರ್ಚೆ ಇಲ್ಲ. ಆಸ್ಪತ್ರೆಗಳಿಂದ ತರಿಸಿ ನೋಡಿ, 18 ವರ್ಷದೊಳಗಿನವರು ಸೈಕಲ್‌ನಿಂದ ಬಿದ್ದು ತಲೆ ಪೆಟ್ಟು ಅಂತ ಬಂದವರು ಎಷ್ಟು, ಅದರಲ್ಲಿ ಹುಬ್ಬಳ್ಳಿಗೋ ಬಳ್ಳಾರಿಗೋ ಕಳಿಸಿದ್ದು ಎಷ್ಟು ಅಂತ. ಶಾಲೆಗಳಿಂದಲೂ ಕೇಳಿ, ಯಾವ ಮಗು ಸೈಕಲ್ ಬಿದ್ದು ವಾರಗಟ್ಟಲೆ ಬರಲಿಲ್ಲ ಅನ್ನೋದು ಕ್ಲಾಸ್ ಟೀಚರಿಗೆ ಗೊತ್ತೇ ಇರುತ್ತೆ.

ದುಡ್ಡಿನ ವಿಷಯದಲ್ಲೂ ಈ ಮಕ್ಕಳು ಎಷ್ಟೋ ಕಡೆಯಿಂದ ಜಾರಿಬೀಳುತ್ತಾರೆ. ಗಾಡಿ ಗುದ್ದಿದ್ದರೆ ಅದರ ಇನ್ಶೂರೆನ್ಸ್‌ನಿಂದ ಪರಿಹಾರ ಕೇಳಬಹುದು. 2025ರಲ್ಲಿ ಕೇಂದ್ರ ಸರ್ಕಾರ ತಂದ ನಗದುರಹಿತ ಚಿಕಿತ್ಸೆ ಯೋಜನೆ ಇದೆ, ಏಳು ದಿನದ ಮಟ್ಟಿಗೆ ಒಂದೂವರೆ ಲಕ್ಷದವರೆಗೆ, ಅದು ಮೋಟಾರು ವಾಹನದಿಂದಾದ ಅಪಘಾತಕ್ಕೆ. ತಗ್ಗಿಗೆ ಬಿದ್ದ ಸೈಕಲ್ ಹುಡುಗನಿಗೆ ಇವೆರಡೂ ಸಿಗೋದು ಕಷ್ಟ. ನಮ್ಮ ರಾಜ್ಯದ್ದು 2016ರಲ್ಲಿ ಶುರುವಾದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಇತ್ತು, ಅದರಲ್ಲೂ ಸಿಗುತ್ತಿದ್ದದ್ದು ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ. ತಲೆ ಆಪರೇಷನ್ ಅಂದರೆ ಅದು ಎಲ್ಲಿಗೆ ಸಾಕಾಗುತ್ತಿತ್ತು? ಎಷ್ಟೋ ಮನೆಯವರು ಎತ್ತು ಮಾರಿ, ಬಂಗಾರ ಒತ್ತೆ ಇಟ್ಟು ಹುಬ್ಬಳ್ಳಿಗೆ ಓಡುತ್ತಾರೆ.

ಕಾನೂನಲ್ಲೂ ಸೈಕಲ್ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಬೈಕ್ ಸವಾರರಿಗೆ ಹೆಲ್ಮೆಟ್ ಹೇಳುತ್ತೆ, 2019ರ ತಿದ್ದುಪಡಿ ಆದಮೇಲೆ ನಾಲ್ಕು ವರ್ಷ ದಾಟಿದ ಮಕ್ಕಳಿಗೂ. ಸೈಕಲ್ಲಿಗೆ ಮೋಟಾರು ಇಲ್ಲ, ಆದ್ದರಿಂದ ಅದು ಅಲ್ಲಿ ಬರಲ್ಲ. ಬರಬೇಕು ಅಂತಲೂ ನಾನು ಕೇಳುತ್ತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲೇ ಸೈಕಲ್ ಹೆಲ್ಮೆಟ್ ಕಡ್ಡಾಯ ಮಾಡಿತು, ನ್ಯೂಜಿಲೆಂಡ್ 1994ರಲ್ಲಿ. ಅದರಿಂದ ಮಕ್ಕಳು ಸೈಕಲ್ ತುಳಿಯೋದೇ ಕಡಿಮೆ ಆಯಿತು ಅನ್ನೋ ವಾದ ಅಲ್ಲಿ ಇವತ್ತಿಗೂ ನಡೆಯುತ್ತಿದೆ. ನಮ್ಮಲ್ಲಿ ಹೆಲ್ಮೆಟ್ ಇಲ್ಲ ಅಂತ ಪೊಲೀಸರು 8ನೇ ತರಗತಿ ಹುಡುಗಿಯನ್ನ ನಿಲ್ಲಿಸಿದರೆ ಮನೆಯವರು ಸೈಕಲ್ ಅಲ್ಲ, ಶಾಲೆಯನ್ನೇ ಬಿಡಿಸಿಬಿಡುತ್ತಾರೆ. ಅದಕ್ಕೇ ದಂಡ ಬೇಡ ಅನ್ನುತ್ತಿದ್ದೇನೆ. ನೆದರ್ಲೆಂಡ್ಸ್‌ನಲ್ಲಿ ಯಾರೂ ಹಾಕಲ್ಲವಲ್ಲ ಅಂತ ಓದಿದವರು ಕೇಳುತ್ತಾರೆ. ನಿಜ, ಅಲ್ಲಿ ಹೆಚ್ಚಿನವರು ಹಾಕಲ್ಲ. ಅಲ್ಲಿ ಸೈಕಲ್ಲಿಗೇ ಅಂತ ನುಣುಪಾದ ಬೇರೆ ದಾರಿ ಇದೆ, ನಮ್ಮ ಮಕ್ಕಳಿಗೆ ಇರೋದು ಡಾಂಬರಿನ ಅಂಚಿನ ಬಿಳಿ ಪಟ್ಟಿಯಾಚೆಯ ಒಂದು ಮೊಳ ಜಾಗ. ಅದರ ಮೇಲೂ ಜಲ್ಲಿ, ಅದರ ಮೇಲೂ ನಿಂತ ಟ್ರ್ಯಾಕ್ಟರ್ ಟ್ರೈಲಿ.

2006-07ರಲ್ಲಿ ಸರ್ಕಾರ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿತು. ಎಷ್ಟೋ ಹಳ್ಳಿ ಹುಡುಗಿಯರು ಹೈಸ್ಕೂಲಿನ ಮುಖ ನೋಡಿದ್ದೇ ಆ ಸೈಕಲ್‌ನಿಂದ. ನನ್ನಂಥವರ ಅಂಗಡಿಗಳಿಗೂ ಅದರಿಂದ ಕೆಲಸ ಸಿಕ್ಕಿತು, ಆ ಋಣ ನಾನು ಮರೆಯಲ್ಲ. ಕೊರೊನಾ ಸಮಯದಲ್ಲಿ ಯೋಜನೆ ನಿಂತುಹೋಯಿತು. ಈಗ ಅಣ್ಣ ಅಕ್ಕಂದಿರ ಹಳೇ ಸೈಕಲ್‌ಗಳನ್ನ ತಮ್ಮ ತಂಗಿಯರು ಓಡಿಸುತ್ತಿದ್ದಾರೆ. ಟೈರು ಬೋಳು, ಬ್ರೇಕು ಇಲ್ಲ, ಸೀಟು ಅಳತೆಗಿಂತ ಎತ್ತರ, ಕಾಲು ನೆಲಕ್ಕೆ ಎಟುಕಲ್ಲ. ಬೀಳೋದು ಮೊದಲಿಗಿಂತ ಜಾಸ್ತಿ ಆಗಿದ್ದರೆ ಆಶ್ಚರ್ಯ ಇಲ್ಲ. ಮತ್ತೆ ಯಾವಾಗ ಸೈಕಲ್ ಕೊಟ್ಟರೂ ಅದರ ಜೊತೆ ಹೆಲ್ಮೆಟ್ ಸೇರಿಸಿಯೇ ಕೊಡಿ ಅಂತ ಜಿಲ್ಲೆಯಿಂದ ಮೇಲಕ್ಕೆ ಬರೆಯಿರಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ನಮ್ಮಲ್ಲಿ ಬೇರೆ ದಾರಿಗಳಿವೆ.

ಸೈಕಲ್ ಹೆಲ್ಮೆಟ್ ಒಂದು ಏಳೆಂಟು ನೂರು ರೂಪಾಯಿಯಿಂದ ಸಿಗುತ್ತೆ. ಸಾವಿರಾರು ಒಟ್ಟಿಗೆ ತೆಗೆದುಕೊಂಡರೆ ಇನ್ನೂ ಕಡಿಮೆಗೆ ಬರುತ್ತೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಶಾಲೆಗಳಿಗೂ ಬರುತ್ತೆ, ಕಟ್ಟಡಕ್ಕೆ ಖರ್ಚು ಮಾಡುವುದರಲ್ಲಿ ಒಂದು ಚೂರು ಸಾಕು. ಗಿಣಿಗೇರಾ ಸುತ್ತಮುತ್ತ ಇಷ್ಟು ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ 2 ಶೇಕಡಾ ಸಮಾಜದ ಕೆಲಸಕ್ಕೆ ಕೊಡಬೇಕು. ಅವರ ಲಾರಿ ಓಡಾಡುವ ರಸ್ತೆಯಲ್ಲೇ ಈ ಮಕ್ಕಳೂ ಸೈಕಲ್ ತುಳಿಯುತ್ತಾರೆ. ನೀವು ಒಂದು ಸಭೆ ಕರೆದು ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಇದರಲ್ಲಿ ನನ್ನ ವ್ಯಾಪಾರ ಇದೆ ಅಂತ ಯಾರಾದರೂ ಅನ್ನಬಹುದು, ಅದಕ್ಕೇ ಹೇಳಿಬಿಡುತ್ತೇನೆ, ಟೆಂಡರ್ ಯಾರಿಗೆ ಬೇಕಾದರೂ ಕೊಡಿ, ನಾನು ಅದರ ಹತ್ತಿರ ಬರಲ್ಲ. ಮಾಲು ಮಾತ್ರ ಸರಿಯಾದದ್ದು ತರಿಸಿ.

ಸರಿಯಾದದ್ದು ಅಂದರೆ ಏನು? ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಟೋಪಿ ಅಲ್ಲ. ಕಟ್ಟಡ ಕೆಲಸದವರು ಹಾಕುವ ಹಳದಿ ಟೊಪ್ಪಿಗೆಯೂ ಅಲ್ಲ, ಅದು ಮೇಲಿಂದ ಬೀಳುವ ವಸ್ತುವಿಗೆ. ಅಪ್ಪನ ಬೈಕ್ ಹೆಲ್ಮೆಟ್ ಕೂಡ ಬೇಡ. ಐಎಸ್ 4151 ಅಂತ ಇರುತ್ತಲ್ಲ ಅದರ ಮೇಲೆ, ಅದು ಬೈಕ್ ಸವಾರರ ಲೆಕ್ಕ. ತೂಕ ಒಂದು ಕೆಜಿ ಆಸುಪಾಸು, ಮಗುವಿನ ಕತ್ತಿಗೆ ಭಾರ, ತಲೆಗೆ ದೊಡ್ಡದು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದನ್ನ ಹಾಕಿಕೊಂಡು ಪೆಡಲ್ ತುಳಿಯೋಕೆ ಆಗಲ್ಲ. ಸೈಕಲ್ ಹೆಲ್ಮೆಟ್‌ಗೆ ಗಾಳಿ ಕಿಂಡಿಗಳಿರುತ್ತವೆ. ಒಳಗೆ ಇಎನ್ 1078 ಅಂತಲೋ ಅಮೆರಿಕದ ಸಿಪಿಎಸ್‌ಸಿ ಅಂತಲೋ ಚೀಟಿ ಇರಬೇಕು. ಹಿಂಭಾಗದಲ್ಲಿ ತಿರುಗಿಸುವ ಗುಂಡಿ ಇರೋದು ನಮ್ಮ ಮಕ್ಕಳಿಗೆ ಒಳ್ಳೆಯದು, 8ನೇ ತರಗತಿಯಲ್ಲಿ ತೆಗೆದುಕೊಂಡದ್ದು 10ನೇ ತರಗತಿವರೆಗೆ ಬರುತ್ತೆ.

ಹಾಕುವ ರೀತಿ ಅದಕ್ಕಿಂತ ಮುಖ್ಯ. ಹಣೆ ಬಿಟ್ಟು ಹಿಂದಕ್ಕೆ ಸರಿಸಿ ಹಾಕಿಕೊಂಡರೆ ಏನೂ ಪ್ರಯೋಜನ ಇಲ್ಲ, ಮುಂದಕ್ಕೆ ಹಾರಿದಾಗ ಬಡಿಯೋದೇ ಹಣೆ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಹೆಲ್ಮೆಟ್ ಅಂಚು ಬರಬೇಕು. ಎರಡು ಪಟ್ಟಿಗಳು ಕಿವಿ ಕೆಳಗೆ ಕೂಡಬೇಕು. ಗದ್ದದ ಕೆಳಗಿನ ಪಟ್ಟಿಯಲ್ಲಿ ಒಂದೆರಡು ಬೆರಳು ತೂರುವಷ್ಟು ಮಾತ್ರ ಸಡಿಲ. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆ ಅಲ್ಲಾಡಬಾರದು. ಇಷ್ಟನ್ನ ಪಿಟಿ ಮೇಷ್ಟ್ರು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷದಲ್ಲಿ ಕಲಿಸಬಹುದು.

ಹೆಣ್ಣುಮಕ್ಕಳ ಜಡೆ ಬಗ್ಗೆ ಒಂದು ಮಾತು, ಯಾಕಂದರೆ ಅಂಗಡಿಗೆ ಬರುವ ಅವ್ವಂದಿರು ಮೊದಲು ಕೇಳೋದೇ ಅದು. ಶಾಲೆಗೆ ಹಾಕುವ ಎರಡು ಜಡೆ ಕಿವಿಯ ಹಿಂದೆ ಕೆಳಗೆ ಇದ್ದರೆ ಏನೂ ತೊಂದರೆ ಇಲ್ಲ. ನೆತ್ತಿ ಮೇಲೆ ಕಟ್ಟುವ ಜುಟ್ಟು, ತುರುಬು, ದಪ್ಪ ಹೇರ್‌ಬ್ಯಾಂಡ್ ಬೇಡ. ತಲೆ ಮೇಲೆ ತೆಳ್ಳನೆಯ ಸ್ಕಾರ್ಫ್ ಇದ್ದರೆ ಅದರ ಮೇಲೇ ಹಾಕಬಹುದು, ಹೊರಡುವ ಮುಂಚೆ ಪಟ್ಟಿ ಸರಿಮಾಡಿಕೊಳ್ಳಬೇಕು. ಒಬ್ಬರದು ಒಬ್ಬರು ಹಾಕಿಕೊಂಡರೆ ಹೇನು ಹತ್ತುತ್ತೆ ಅನ್ನೋದೂ ನಿಜ, ಅದಕ್ಕೇ ಪ್ರತಿಯೊಬ್ಬರಿಗೂ ಅವರದೇ ಇರಬೇಕು, ಒಳಗೆ ಹೆಸರು ಬರೆದಿರಬೇಕು. ಇಡೋದೆಲ್ಲಿ ಅಂತ ಹೆಡ್ ಮೇಷ್ಟ್ರು ಕೇಳುತ್ತಾರೆ. ಕ್ಲಾಸಿನ ಗೋಡೆಗೆ ಒಂದು ಹಲಗೆ, ಹಲಗೆಗೆ ಮೊಳೆ, ಅಷ್ಟೇ ಸಾಕು.

ಇನ್ನು ನಾಚಿಕೆ. ಇದು ಸಣ್ಣ ವಿಷಯ ಅಲ್ಲ. ಹದಿನಾಲ್ಕು ವರ್ಷದ ಹುಡುಗ ಒಬ್ಬನೇ ಹೆಲ್ಮೆಟ್ ಹಾಕಿಕೊಂಡು ಹೋದರೆ ಉಳಿದವರು ನಗುತ್ತಾರೆ, ಮರುದಿನ ಅದು ಮನೆಯ ಅಟ್ಟಕ್ಕೆ ಹೋಗುತ್ತೆ. ಇಡೀ ಶಾಲೆಗೆ ಒಂದೇ ದಿನ ಕೊಟ್ಟರೆ ನಗೋಕೆ ಯಾರೂ ಉಳಿಯಲ್ಲ. ಅದಕ್ಕೇ ಅರ್ಧ ಶಾಲೆಗೆ, ಬಡವರಿಗೆ ಮಾತ್ರ, ಹುಡುಗಿಯರಿಗೆ ಮಾತ್ರ ಅಂತ ಹಂಚಬೇಡಿ. ಮೇಷ್ಟ್ರುಗಳೇ, ನೀವು ಶಾಲೆ ಗೇಟಿನವರೆಗೂ ಬೈಕ್ ಹೆಲ್ಮೆಟ್ಟನ್ನ ಪೆಟ್ರೋಲ್ ಟ್ಯಾಂಕ್ ಮೇಲೆ ಇಟ್ಟುಕೊಂಡು ಬಂದರೆ ಮಕ್ಕಳು ಅದನ್ನೂ ನೋಡುತ್ತಾರೆ.

ನಮ್ಮ ಜಿಲ್ಲೆಗೆ ಇನ್ನೊಂದು ಶಕ್ತಿ ಇದೆ. ಗವಿಮಠದ ಜಾತ್ರೆ ಮುಂಚೆ ಜನಜಾಗೃತಿ ನಡಿಗೆ ಆಗುತ್ತಲ್ಲ, ರಕ್ತದಾನ, ಅಂಗಾಂಗ ದಾನ ಅಂತ ಒಂದೊಂದು ವಿಷಯ ಇಟ್ಟುಕೊಂಡು ಸಾವಿರಾರು ಮಕ್ಕಳು ಬರುತ್ತಾರೆ. ಆ ಮಠದ ಸ್ವಾಮೀಜಿ ಅಜ್ಜಾರ ಒಂದು ಮಾತು ಹಳ್ಳಿಗಳಲ್ಲಿ ಹೇಗೆ ನಡೆಯುತ್ತೆ ಅನ್ನೋದನ್ನ ನಾನು ಹೇಳಬೇಕಾಗಿಲ್ಲ. ಒಂದು ವರ್ಷ ಮಕ್ಕಳ ತಲೆ ಕಾಪಾಡುವ ವಿಷಯ ತೆಗೆದುಕೊಳ್ಳಿ ಅಂತ ಜಿಲ್ಲಾಡಳಿತದಿಂದ ಮಠಕ್ಕೆ ವಿನಂತಿ ಹೋಗಲಿ.

ಹೆಲ್ಮೆಟ್ ಕೊಟ್ಟೆವು, ಕೆಲಸ ಮುಗಿಯಿತು ಅಂತ ಆಗೋದು ಬೇಡ. ಶಾಲೆ ಹತ್ತಿರದ ಹಂಪ್ಸ್‌ಗಳಿಗೆ ಬಿಳಿ ಬಣ್ಣ ಬಳಿಸಿ. ಡಾಂಬರಿನ ಅಂಚಿಗೆ ಮಣ್ಣು ತುಂಬಿಸಿ ಸಮ ಮಾಡಿಸಿ. ನರೇಗಾದಲ್ಲಿ ಒಕ್ಕಣೆ ಕಣ ಮಾಡಿದ ಪಂಚಾಯಿತಿಗಳಿವೆ, ಇಲ್ಲದ ಕಡೆ ಮಾಡಿಸಿದರೆ ರೈತರೂ ರಸ್ತೆಗೆ ಬರಲ್ಲ. ಸಂಜೆ ಟ್ಯೂಷನ್ ಮುಗಿಸಿ ಬರುವ ಮಕ್ಕಳ ಸೈಕಲ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ.

ಅಪ್ಪ ಅಮ್ಮಂದಿರಿಗೆ ಇಷ್ಟು. ಮಗು ಬಿದ್ದು ತಲೆಗೆ ತಾಗಿದೆ ಅಂದರೆ ಬುಗುಟು ಸಣ್ಣದು ಅಂತ ಸುಮ್ನೆ ಮಲಗಿಸಬೇಡಿ. ಒಂದಕ್ಕಿಂತ ಹೆಚ್ಚು ಸಲ ವಾಂತಿ, ಹೆಚ್ಚಾಗುತ್ತ ಹೋಗುವ ತಲೆನೋವು, ವಿಪರೀತ ನಿದ್ದೆಗಣ್ಣು, ಕೇಳಿದ್ದನ್ನೇ ಕೇಳೋದು, ಮಾತು ತೊದಲೋದು, ಫಿಟ್ಸ್, ಕಿವಿಯಿಂದಲೋ ಮೂಗಿನಿಂದಲೋ ರಕ್ತ ಅಥವಾ ನೀರು, ಎರಡು ಕಣ್ಣಿನ ಗುಡ್ಡೆಯ ಕಪ್ಪು ಒಂದು ದೊಡ್ಡದು ಒಂದು ಸಣ್ಣದು, ಇದರಲ್ಲಿ ಯಾವುದೇ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿ ಆಮೇಲೆ ಸರಿಹೋದರೂ ಡಾಕ್ಟರಿಗೆ ತೋರಿಸಲೇಬೇಕು. ಮೊದಲು ಚೆನ್ನಾಗಿದ್ದು ಕೆಲವು ಗಂಟೆ ಬಿಟ್ಟು ಹದಗೆಡೋದು ತಲೆ ಪೆಟ್ಟಿನಲ್ಲಿ ಇದ್ದೇ ಇದೆ. ದಾರಿಯಲ್ಲಿ ಬೇರೆಯವರ ಮಗು ಬಿದ್ದಿದ್ದರೆ ಪೊಲೀಸ್ ಕೇಸು ಅಂತ ಹೆದರಿ ಮುಂದೆ ಹೋಗಬೇಡಿ. ಅಪಘಾತದಲ್ಲಿ ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಈಗ ಕಾಯ್ದೆಯಲ್ಲೂ ಸೇರಿದೆ.

ಜಿಲ್ಲಾಧಿಕಾರಿಗಳೇ, ನನ್ನ ಕಡೆಯಿಂದ ಮಾಡೋದು ಇದು. ಯಾವ ಹೈಸ್ಕೂಲಿನವರು ಕರೆದರೂ ಭಾನುವಾರ ಬಂದು ಮಕ್ಕಳ ಸೈಕಲ್ ಬ್ರೇಕ್, ಟೈರು, ಚೈನ್ ಕವರ್ ನೋಡಿ ಸರಿಮಾಡಿಕೊಡುತ್ತೇನೆ, ಕೂಲಿ ಬೇಡ, ಬ್ರೇಕ್ ರಬ್ಬರ್ ಮಾತ್ರ ಶಾಲೆಯವರು ತರಿಸಿಟ್ಟಿರಲಿ. ನಮ್ಮೂರಿನ, ಗಂಗಾವತಿಯ, ಕಾರಟಗಿಯ ಬೇರೆ ಮೆಕ್ಯಾನಿಕ್‌ಗಳನ್ನೂ ಕೇಳಿದ್ದೇನೆ, ಒಪ್ಪಿದ್ದಾರೆ. ನಿಮ್ಮ ಕಡೆಯಿಂದ ಮೊದಲ ಕೆಲಸ ಅಳತೆ ಪಟ್ಟಿ. ಪ್ರತಿ ಶಾಲೆಯಲ್ಲಿ ಸೈಕಲ್ ಮೇಲೆ ಬರುವ ಮಕ್ಕಳ ತಲೆ ಸುತ್ತಳತೆ ಟೇಪಿನಲ್ಲಿ ತೆಗೆದು, ಸೆಂಟಿಮೀಟರಿನಲ್ಲಿ ಬರೆದು ಕಳಿಸಲು ಹೇಳಿ. ಹುಬ್ಬಿನ ಮೇಲೆ, ಕಿವಿಯ ಮೇಲೆ ಟೇಪು ಸುತ್ತಬೇಕು. ಮೇ ಕೊನೆಗೆ ಶಾಲೆ ಶುರುವಾಗುತ್ತೆ, ಅಷ್ಟರೊಳಗೆ ಹೆಲ್ಮೆಟ್ ಬರಬೇಕಾದರೆ ಈ ಪಟ್ಟಿ ಪರೀಕ್ಷೆಗೆ ಮುಂಚೆ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ ಆಗಬೇಕು.

ಇಂತಿ,
ಕೊಪ್ಪಳದ ಒಬ್ಬ ಸೈಕಲ್ ಅಂಗಡಿಯವ